ಹೊಸ ಬೇರಿಂಗ್ ನಾಲ್ಕೇ ತಿಂಗಳಿಗೆ ಸದ್ದು ಮಾಡಿದರೆ

ಓದುಗರ ಪ್ರಶ್ನೆ: "ನಮ್ಮ ತಂದೆ 1969ರಲ್ಲಿ ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಮಲ್ಲೇಶ್ವರದ ನಮ್ಮ ಮನೆಯಲ್ಲಿ ಇನ್ನೂ ಓಡುವ ಸ್ಥಿತಿಯಲ್ಲಿದೆ. ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿಬರುತ್ತೇನೆ. ಮಳೆಗಾಲದಲ್ಲಿ ಮುಂದಿನ ಎಡ ಚಕ್ರದಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಪರಿಚಯದ ಗ್ಯಾರೇಜಿನಲ್ಲಿ ಎರಡೂ ಬೇರಿಂಗ್ ಮತ್ತು ಗ್ರೀಸು ಸೋರದಂತೆ ತಡೆಯುವ ಸೀಲನ್ನು ಹೊಸದಾಗಿ ಹಾಕಿಸಿದೆ. ನಾಲ್ಕು ತಿಂಗಳಲ್ಲಿ ಹೆಚ್ಚೆಂದರೆ 1,200 ಕಿ.ಮೀ. ಓಡಿರಬಹುದು, ಸದ್ದು ಮತ್ತೆ ಬಂದಿದೆ. ಬ್ರೇಕ್ ಒತ್ತಿದರೆ ಕಾರು ಬಲಕ್ಕೆ ಎಳೆಯುತ್ತದೆ. ಡ್ರಮ್ ತೆಗೆದು ನೋಡಿದರೆ ಒಳಗೆಲ್ಲ ಗ್ರೀಸು. ನಟ್ ಸಡಿಲವಾಗಿದ್ದರಿಂದ ಹೀಗಾಗಿದೆ, ಈ ಸಲ ಪೂರ್ತಿ ಬಿಗಿ ಮಾಡಿ ಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇನ್ನೊಬ್ಬರು ಹಳೆಯ ಕಾಲದ ಫೆಲ್ಟ್ ಸೀಲ್ ಬಿಟ್ಟು ರಬ್ಬರ್ ಆಯಿಲ್ ಸೀಲ್ ಹಾಕಿಸಿ ಎನ್ನುತ್ತಾರೆ. ಸ್ನೇಹಿತರೊಬ್ಬರ ಪ್ರಕಾರ ಈಗಿನ ಕಾರುಗಳ ಸೀಲ್ಡ್ ಬೇರಿಂಗ್ ಹಾಕಿಸಿಬಿಟ್ಟರೆ ತಲೆನೋವೇ ಇಲ್ಲ. ಚಕ್ರದ ನಡುಭಾಗವಾದ ಹಬ್‌ನ ತುಂಬ ಗ್ರೀಸು ತುಂಬಿದರೆ ನೀರು ಒಳಗೆ ಹೋಗುವುದಿಲ್ಲ ಎನ್ನುವುದು ನಿಜವೇ? ಡಿಸೆಂಬರಿನಲ್ಲಿ ಇದೇ ಕಾರಿನಲ್ಲಿ ಮಡಿಕೇರಿಗೆ ಹೋಗುವ ಆಸೆಯಿದೆ. ಹೋಗಬಹುದೇ? ನಾನು ನಿವೃತ್ತ ಲೆಕ್ಕಪರಿಶೋಧಕ. ಸ್ಪ್ಯಾನರ್ ಹಿಡಿಯಲು ಹಿಂಜರಿಯುವವನಲ್ಲ."

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಆದರೆ ಅವುಗಳ ಹಿಂದಿನ ಅಳುಕು ಒಂದೇ. ಹೊಸ ಸಾಮಾನು ಹಾಕಿಸಿಯೂ ಹೀಗಾದರೆ ಇನ್ನು ಈ ಕಾರನ್ನು ನಂಬಿ ಊರು ಬಿಟ್ಟು ಹೋಗುವುದು ಹೇಗೆ ಎಂಬುದು. ಕಾರಿನದು ತಪ್ಪಿಲ್ಲ. ಬೇರಿಂಗಿನದೂ ಬಹುಶಃ ಇಲ್ಲ. ಸರಿಯಾಗಿ ಕೂರಿಸಿದ ಟೇಪರ್ ರೋಲರ್ ಬೇರಿಂಗ್ ನಿಮ್ಮ ಭಾನುವಾರದ ಓಡಾಟದ ಲೆಕ್ಕದಲ್ಲಿ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು. 1,200 ಕಿ.ಮೀ.ಗೆ ಹೋಯಿತೆಂದರೆ ಅದು ಹಾಳಾದದ್ದು ರಸ್ತೆಯಲ್ಲಲ್ಲ, ಕೂರಿಸಿದ ದಿನ ಗ್ಯಾರೇಜಿನಲ್ಲಿಯೇ. ನಟ್ ಸಡಿಲವಾಗಿತ್ತೆಂಬ ಮಾತನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ. ಗ್ರೀಸು ಕರಗಿ ಡ್ರಮ್ಮಿಗೆ ಇಳಿದಿರುವುದನ್ನು ನೋಡಿದರೆ ಅದು ಅಗತ್ಯಕ್ಕಿಂತ ಬಿಗಿಯಾಗಿಯೇ ಇತ್ತೆಂದು ನನ್ನ ಊಹೆ. ಈ ಸಲ ಇನ್ನೂ ಬಿಗಿದರೆ ನಾಲ್ಕು ತಿಂಗಳೂ ಬರುವುದಿಲ್ಲ.

ಬಿಚ್ಚುವ ಮೊದಲು ಸದ್ದು ಬೇರಿಂಗಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಖಾಲಿ ರಸ್ತೆಯಲ್ಲಿ 40-50 ಕಿ.ಮೀ. ವೇಗದಲ್ಲಿ ಹೋಗುತ್ತ ಕಾರನ್ನು ನಿಧಾನವಾಗಿ ಬಲಕ್ಕೆ ಬಾಗಿಸಿ. ಆಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಸದ್ದು ಏರಿ, ಎಡಕ್ಕೆ ತಿರುಗಿದಾಗ ಇಳಿದರೆ ಅನುಮಾನ ಎಡ ಬೇರಿಂಗಿನ ಮೇಲೆಯೇ. ಡಾಂಬರಿನಿಂದ ಕಾಂಕ್ರೀಟಿಗೆ ಹೋದ ಕೂಡಲೇ ಸದ್ದಿನ ಧಾಟಿ ಬದಲಾದರೆ ಅದು ಟೈರು. ವರ್ಷಗಟ್ಟಲೆ ನಿಂತ ಕಾರಿನ ಟೈರುಗಳು ಒಂದು ಕಡೆ ಚಪ್ಪಟೆಯಾಗಿ ಇಂಥದೇ ರಾಗ ಹಾಡುವುದುಂಟು.

ಆಮೇಲೆ ಜ್ಯಾಕ್ ಹಾಕಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಆಟ, ಅಂದರೆ ಸಡಿಲಿನ ಅಲುಗಾಟ ಕಂಡರೆ ಮನೆಯವರೊಬ್ಬರನ್ನು ಕರೆದು ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಾಡಿಸಿ. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ಅದು ಬೇರಿಂಗಿನದು. ಆಗಲೂ ಉಳಿದರೆ ಮೇಲಿನ ಬಾಲ್ ಜಾಯಿಂಟಿನದು ಅಥವಾ ಚಕ್ರವನ್ನು ಕೆಳಗಡೆ ಹಿಡಿದಿರುವ ಕಂಚಿನ ತುಂಡಾದ ಟ್ರನಿಯನ್ನಿನದು. ಹೆರಾಲ್ಡ್ ಇಟ್ಟುಕೊಂಡವರಿಗೆ ಈ ಕೊನೆಯ ಸಾಧ್ಯತೆ ನಿಜಕ್ಕೂ ಗಂಭೀರವಾದದ್ದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಿಗಿಯ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ಕನ್ನು ನಾನು ದಡ್ಡನೆನ್ನಲಾರೆ. 1983ರ ಕೊನೆಗೆ ಮಾರುತಿ 800 ಬಂದಮೇಲೆ ಕೆಲಸ ಕಲಿತವರೆಲ್ಲ ಮುಂದಿನ ಚಕ್ರಗಳೇ ಎಳೆಯುವ ಕಾರುಗಳ ಮೇಲೆ ಕೈ ಪಳಗಿಸಿಕೊಂಡವರು. ಅಂಥ ಕಾರಿನ ಮುಂದಿನ ಹಬ್ಬಿನ ನಟ್ಟನ್ನು ಉದ್ದನೆಯ ಹಿಡಿ ಹಾಕಿ, ಮೈಭಾರ ಬಿಟ್ಟು ಬಿಗಿಯಬೇಕು. ಅನೇಕ ಕಾರುಗಳಲ್ಲಿ ಅದು 150ರಿಂದ 250 ನ್ಯೂಟನ್ ಮೀಟರ್. ಅಲ್ಲಿ ಬೇರಿಂಗಿನ ಒಳಗಿನ ಅಂತರವನ್ನು ಕಾರ್ಖಾನೆಯಲ್ಲಿಯೇ ನಿಗದಿ ಮಾಡಿರುತ್ತಾರೆ, ನಟ್ ಕೇವಲ ಹಿಡಿದಿಡುತ್ತದೆ. ಹೆರಾಲ್ಡಿನಲ್ಲಿ ಹಾಗಲ್ಲ. ಇಲ್ಲಿ ಅಂತರವನ್ನು ನಿಗದಿ ಮಾಡುವುದೇ ನಟ್. ಹೆರಾಲ್ಡ್ ಮತ್ತು ಅದರ ಸೋದರ ಕಾರುಗಳಿಗೆ ರೂಢಿಯಲ್ಲಿರುವ ಬಿಗಿ 5 ಪೌಂಡ್-ಅಡಿ, ಅಂದರೆ ಸುಮಾರು 7 ನ್ಯೂಟನ್ ಮೀಟರ್. ಅಷ್ಟು ಬಿಗಿದದ್ದನ್ನೂ ಆಮೇಲೆ ಸಡಿಲಿಸಬೇಕು.

ನಾನೂ ಇದನ್ನು ಪುಸ್ತಕದಲ್ಲಿ ಓದಿ ಕಲಿತವನಲ್ಲ. 1980ರ ದಶಕದಲ್ಲಿ ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಗ ವೈದ್ಯರೊಬ್ಬರ ಹೆರಾಲ್ಡಿಗೆ ಬೇರಿಂಗ್ ಹಾಕಿದೆ. ಒಂದಿಷ್ಟೂ ಆಟ ಉಳಿಯಬಾರದೆಂದು ನಟ್ಟನ್ನು ಚೆನ್ನಾಗಿ ಬಿಗಿದು, ಚಕ್ರ ಹಿಡಿದು ಅಲುಗಾಡಿಸಿ, ಬಂಡೆಯ ಹಾಗಿದೆ ಎಂದು ಬೀಗಿದೆ. ಮೈಸೂರಿಗೆ ಹೊರಟ ಅವರು ರಾಮನಗರ ದಾಟುವಷ್ಟರಲ್ಲಿ ಚಕ್ರದಿಂದ ಹೊಗೆ ಬಂತು. ಉಸ್ತಾದರೂ ನಾನೂ ಬಸ್ಸು ಹಿಡಿದು ಹೋದೆವು. ಹಬ್ ಬಿಚ್ಚಿದಾಗ ಕೋನ್, ಅಂದರೆ ರೋಲರುಗಳನ್ನು ಹೊತ್ತ ಬೇರಿಂಗಿನ ಒಳಭಾಗ, ನವಿಲುಗರಿಯ ಬಣ್ಣಕ್ಕೆ ತಿರುಗಿತ್ತು, ಗ್ರೀಸು ಸೋಸಿದ ಕಾಫಿಯ ಚರಟದಂತಾಗಿತ್ತು. ಉಸ್ತಾದರು ಬೈಯಲಿಲ್ಲ. ತಣ್ಣಗಾದ ಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟು "ತಿರುಗಿಸು" ಎಂದರು. ರೋಲರುಗಳು ಅಲುಗಲಿಲ್ಲ. ಆ ಕೋನ್ ಈಗಲೂ ನನ್ನ ಮೇಜಿನ ಮೇಲೆ ಬಿಲ್ ಕಾಗದಗಳು ಹಾರಿಹೋಗದಂತೆ ಕೂತಿದೆ.

ಟೇಪರ್ ಬೇರಿಂಗಿನಲ್ಲಿ ಎರಡು ಭಾಗ. ಹಬ್ಬಿನೊಳಗೆ ಬಿಗಿಯಾಗಿ ಕೂರುವ ಉಂಗುರ ಕಪ್. ರೋಲರುಗಳನ್ನು ಹೊತ್ತು, ಹಬ್ ಸುತ್ತುವ ಉಕ್ಕಿನ ಕಡ್ಡಿಯಾದ ಸ್ಟಬ್ ಆಕ್ಸಲ್ ಮೇಲೆ ಕೈಯಿಂದಲೇ ಜಾರಿ ಕೂರುವುದು ಕೋನ್. ರೋಲರುಗಳು ಓರೆಯಾಗಿರುವುದರಿಂದ ನಟ್ ಬಿಗಿದಂತೆಲ್ಲ ಕೋನ್ ಕಪ್ಪಿನೊಳಕ್ಕೆ ಬೆಣೆಯ ಹಾಗೆ ಹೊಗುತ್ತದೆ. ಓಡುವಾಗ ರೋಲರು, ಕೋನ್ ಬಿಸಿಯಾಗಿ ಹಿಗ್ಗುತ್ತವೆ. ಆ ಹಿಗ್ಗಿಗೂ ಗ್ರೀಸಿನ ತೆಳು ಪದರಕ್ಕೂ ಜಾಗ ಬೇಕು. ಸಾಮಾನ್ಯವಾಗಿ 0.05ರಿಂದ 0.12 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ನೀವು ಬೆಳಿಗ್ಗೆ ಓದುವ ದಿನಪತ್ರಿಕೆಯ ಒಂದು ಹಾಳೆಯ ದಪ್ಪ ಹೆಚ್ಚುಕಡಿಮೆ ಅಷ್ಟೇ. ಬೇರಿಂಗಿನಲ್ಲಿ ಕೂದಲೆಳೆಯಷ್ಟಿರುವ ಈ ಆಟ ಟೈರಿನ ಅಂಚಿನಲ್ಲಿ ಹಿಗ್ಗಿ ಕೈಗೆ 'ಟಿಕ್' ಎಂದು ತಾಗುತ್ತದೆ. ಅದನ್ನೇ ದೋಷವೆಂದು ತಿಳಿದು ಬಿಗಿಯುವುದು ನಮ್ಮೂರ ಗ್ಯಾರೇಜುಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು.

ಒಂದು ಎಚ್ಚರಿಕೆ. ಇದನ್ನು ಓದಿ ಮೋರಿಸ್ ಮೈನರ್ ಇಟ್ಟುಕೊಂಡವರು ತಮ್ಮ ನಟ್ಟನ್ನು ಸಡಿಲಿಸಲು ಹೋಗಬಾರದು. ಅದರ ಮುಂದಿನ ಹಬ್ಬಿನಲ್ಲಿ ಬಾಲ್ ಬೇರಿಂಗುಗಳಿದ್ದು ನಡುವೆ ಒಂದು ಕೊಳವೆಯಿದೆ, ಅಲ್ಲಿ ನಟ್ಟನ್ನು ಪೂರ್ತಿ ಬಿಗಿಯಲೇಬೇಕು. ಎಂಜಿಬಿ ಕಾರಿನಲ್ಲಿ ಟೇಪರ್ ಬೇರಿಂಗೇ ಇದ್ದರೂ ನಡುವೆ ಕೊಳವೆ ಮತ್ತು ತೆಳು ಬಿಲ್ಲೆಗಳಾದ ಶಿಮ್ಮುಗಳಿರುತ್ತವೆ. ಹಬ್ ಬಿಚ್ಚಿದಾಗ ಎರಡು ಬೇರಿಂಗುಗಳ ನಡುವೆ ಕೊಳವೆ ಇದೆಯೇ ಎಂದು ನೋಡದೆ ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ.

ಈಗ ಬಿಚ್ಚಿ. ಹೆರಾಲ್ಡಿನ ಬಾನೆಟ್ ರೆಕ್ಕೆಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಟೈರಿನ ಮೇಲೆ ಕುಳಿತುಕೊಂಡೇ ಎಂಜಿನ್ ಕೆಲಸ ಮಾಡಬಹುದು. ಮುಂದಿನ ಚಕ್ರದ ಕೆಲಸಕ್ಕೂ ಬೆಳಕು, ಗಾಳಿ ಧಾರಾಳ. ಡ್ರಮ್, ಗ್ರೀಸ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್, ವಾಷರ್ ತೆಗೆದರೆ ಹಬ್ ಹೊರಬರುತ್ತದೆ. ಬ್ರೇಕಿನ ದೂಳನ್ನು ಮಾತ್ರ ಊದಬೇಡಿ, ಗಾಳಿ ಹೊಡೆಯಬೇಡಿ. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಲೆಕ್ಕಪರಿಶೋಧಕರಾದ ನಿಮಗೆ ಈ ಭಾಗ ಇಷ್ಟವಾಗುತ್ತದೆ, ಏಕೆಂದರೆ ತಪ್ಪು ಎಲ್ಲಿಯದೆಂದು ಬೇರಿಂಗೇ ಬರೆದಿಟ್ಟಿರುತ್ತದೆ. ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅತಿಯಾದ ಬಿಗಿ ಅಥವಾ ಗ್ರೀಸಿನ ಕೊರತೆ. ಕಪ್ಪಿನ ಒಳಮೈಯಲ್ಲಿ ರೋಲರುಗಳಷ್ಟೇ ಅಂತರದಲ್ಲಿ ತುಕ್ಕಿನ ಗೆರೆಗಳಿದ್ದರೆ ನೀರು ಹೊಕ್ಕು ಕಾರು ನಿಂತಿತ್ತೆಂದು ಅರ್ಥ. ಅದೇ ಅಂತರದಲ್ಲಿ ತುಕ್ಕಿಲ್ಲದ ಸಣ್ಣ ತಗ್ಗುಗಳಿದ್ದರೆ ಕೂರಿಸುವಾಗ ಸುತ್ತಿಗೆಯ ಏಟು ರೋಲರುಗಳ ಮೂಲಕ ಹಾದುಹೋಗಿದೆ. ಕಪ್ಪಿನ ಒಂದೇ ಪಕ್ಕದಲ್ಲಿ ಅಗಲ, ಎದುರು ಪಕ್ಕದಲ್ಲಿ ಕಿರಿದಾದ ಸವೆತದ ಪಟ್ಟಿ ಕಂಡರೆ ಕಪ್ ಓರೆಯಾಗಿ ಕೂತಿತ್ತು. ಚರ್ಮ ಸುಲಿದಂತೆ ಉಕ್ಕು ಎದ್ದಿದ್ದರೆ ಅದು ನಿಜವಾದ ವಯಸ್ಸು, ನಾಲ್ಕು ತಿಂಗಳಿಗೆ ಬರುವಂಥದ್ದಲ್ಲ. ತೊಳೆದ ಬೇರಿಂಗನ್ನು ಕಂಪ್ರೆಸರಿನ ಗಾಳಿಯಿಂದ ರೊಯ್ಯನೆ ತಿರುಗಿಸುವ ಆಟ ಹುಡುಗರಿಗೆ ಬಲು ಪ್ರಿಯ. ಒಣ ಬೇರಿಂಗು ಆ ವೇಗದಲ್ಲಿ ಕೆಡುತ್ತದೆ, ರೋಲರು ಸಿಡಿದರೆ ಕಣ್ಣೂ ಹೋಗುತ್ತದೆ.

ಹಳೆಯ ಕಪ್ಪನ್ನು ಹಬ್ಬಿನಲ್ಲಿಯೇ ಬಿಟ್ಟು ಹೊಸ ಕೋನ್ ಮಾತ್ರ ಹಾಕುವ ಅಭ್ಯಾಸವೊಂದಿದೆ. ಕಪ್ ತೆಗೆಯುವುದು ಕಷ್ಟ, ಕೋನ್ ಹಾಕುವುದು ಸುಲಭ, ಅಷ್ಟೇ ಕಾರಣ. ನಿಮ್ಮ ಹಬ್ಬಿನಲ್ಲಿಯೂ ಹೀಗಾಗಿರುವ ಸಾಧ್ಯತೆ ಇದೆ, ಕಪ್ಪಿನ ಮತ್ತು ಕೋನಿನ ಮೇಲಿನ ತಯಾರಕರ ಹೆಸರನ್ನು ಹೋಲಿಸಿ ನೋಡಿ. ಎರಡೂ ಜೋಡಿಯಾಗಿ ಬಂದದ್ದು ಜೋಡಿಯಾಗಿಯೇ ಹೋಗಬೇಕು. ಕೊಳ್ಳುವಾಗ ಹಳೆಯದರ ಮೇಲೆ ಕೆತ್ತಿದ ಸಂಖ್ಯೆಯನ್ನು ಬರೆದುಕೊಂಡು ಜೆ.ಸಿ. ರಸ್ತೆಗೆ ಹೋಗಿ, ಕಾರಿನ ಹೆಸರು ಹೇಳಿ ಕೇಳಬೇಡಿ. ಹೆರಾಲ್ಡ್ ಎಂದೊಡನೆ 'ಈಗೆಲ್ಲಿ ಸಾರ್, ಸಿಗುವುದಿಲ್ಲ' ಎನ್ನುವ ಅಂಗಡಿಯವರೇ ಸಂಖ್ಯೆ ಹೇಳಿದರೆ ಕಪಾಟಿನಿಂದ ತೆಗೆದುಕೊಡುವುದನ್ನು ಕಂಡಿದ್ದೇನೆ. ಟೇಪರ್ ಬೇರಿಂಗುಗಳ ಸಂಖ್ಯೆಗಳು ಕಾರಿಗೆ ಸೇರಿದವಲ್ಲ, ಅಳತೆಗೆ ಸೇರಿದವು. ಒಂದೇ ಅಳತೆ ಟ್ರೇಲರಿನಲ್ಲಿಯೂ ಇರಬಹುದು, ಟ್ರ್ಯಾಕ್ಟರಿನಲ್ಲಿಯೂ ಇರಬಹುದು. ದೊಡ್ಡ ತಯಾರಕರ ಹೆಸರಿನಲ್ಲಿ ನಕಲಿ ಬೇರಿಂಗುಗಳೂ ಓಡಾಡುತ್ತವೆ, ಆದ್ದರಿಂದ ಬಿಲ್ ಕೊಡುವ ಅಧಿಕೃತ ಮಾರಾಟಗಾರರಲ್ಲಿಯೇ ಕೊಳ್ಳಿ. ಟಿಮ್ಕೆನ್ ಕಂಪನಿಯ ಭಾರತದ ಕಚೇರಿ ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಇದೆ, ಎಸ್‌ಕೆಎಫ್ ಕಾರ್ಖಾನೆ ಬೊಮ್ಮಸಂದ್ರದಲ್ಲಿದೆ. ಈ ಊರಿನಲ್ಲಿ ಕೂತು ನಕಲಿ ಬೇರಿಂಗ್ ಹಾಕಿಸಿಕೊಳ್ಳುವುದು ನದಿ ದಡದಲ್ಲಿ ನೀರು ಕೊಂಡಂತೆ.

ಕಪ್ ಕೂರಿಸುವುದೇ ಇಡೀ ಕೆಲಸದ ಹೃದಯಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಳೆಯ ಕಪ್ಪನ್ನು ಹಬ್ಬಿನ ಎದುರು ಕಡೆಯಿಂದ ಹಿತ್ತಾಳೆಯ ಸರಳಿನಿಂದ ಹೊಡೆದು ತೆಗೆಯಬೇಕು. ಒಂದೇ ಕಡೆ ಹೊಡೆಯದೆ ಎಡಕ್ಕೊಂದು, ಬಲಕ್ಕೊಂದು ಏಟು ಕೊಡುತ್ತ ನೇರವಾಗಿ ಇಳಿಸಿ. ಬೇರಿಂಗಿನ ಉಕ್ಕು ಗಾಜಿನಷ್ಟು ಗಡಸು. ಅದಕ್ಕೆ ನೇರವಾಗಿ ಸುತ್ತಿಗೆ ತಗುಲಿದರೆ ಚೂರು ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ. ಕಪ್ ಹೊರಬಂದ ಮೇಲೆ ಹಬ್ಬಿನ ಒಳಗೆ ಒಂದು ಮೆಟ್ಟಿಲು ಕಾಣುತ್ತದೆ. ಅಲ್ಲಿ ಒಂದು ಮರಳಿನ ಕಣವಿದ್ದರೂ, ಹಿಂದಿನವರು ಉಳಿಯಿಂದ ಹೊಡೆದು ಎಬ್ಬಿಸಿದ ಒಂದು ಮುಳ್ಳಿದ್ದರೂ ಹೊಸ ಕಪ್ ಓರೆಯಾಗುತ್ತದೆ. ಬೆರಳಾಡಿಸಿ ನೋಡಿ, ಸಣ್ಣ ಅರದಿಂದ ಸವರಿ.

ಹೊಸ ಕಪ್ಪುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ. ಮನೆಯವರ ಅನುಮತಿ ನಿಮ್ಮ ಜವಾಬ್ದಾರಿ. ತೊಳೆದ ಹಬ್ಬನ್ನು ಬೆಳಿಗ್ಗೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆದು ಒರೆಸಿ ಒಣಗಿಸಿ. ತಣ್ಣನೆಯ ಕಪ್ ಕುಗ್ಗಿರುತ್ತದೆ, ಬಿಸಿ ಹಬ್ ಹಿಗ್ಗಿರುತ್ತದೆ, ಅರ್ಧ ಕೆಲಸ ತಾನಾಗಿ ಆಗುತ್ತದೆ. ಕಪ್ಪಿನ ಅಗಲ ಬಾಯಿ ಹೊರಗೆ, ದಪ್ಪನೆಯ ಅಂಚು ಹಬ್ಬಿನ ನಡುವಿನ ಕಡೆಗೆ. ತಿರುಗುಮುರುಗಾಗಿ ಹೊಡೆದು ಕೂರಿಸಿ ಆಮೇಲೆ ಕೋನ್ ಕೂರುತ್ತಿಲ್ಲವೆಂದು ತಲೆ ಕೆರೆದುಕೊಂಡವರನ್ನು ಕಂಡಿದ್ದೇನೆ. ಹಳೆಯ ಕಪ್ಪಿನ ಹೊರಮೈಯನ್ನು ಗ್ರೈಂಡರಿನಲ್ಲಿ ಸ್ವಲ್ಪ ತೆಳ್ಳಗೆ ಮಾಡಿದರೆ ಹೊಸದರ ಮೇಲಿಟ್ಟು ಹೊಡೆಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ, ಅಳತೆ ಒಂದೇ ಇರುವುದರಿಂದ ಏಟು ಸುತ್ತಲೂ ಸಮನಾಗಿ ಬೀಳುತ್ತದೆ. ಸುತ್ತಿಗೆಗೂ ಅದಕ್ಕೂ ನಡುವೆ ಮೆದು ಕಬ್ಬಿಣದ ದಪ್ಪ ಪಟ್ಟಿಯೊಂದಿರಲಿ.

ಇನ್ನು ಕಿವಿಯ ಕೆಲಸ. ಕಪ್ ಇಳಿಯುತ್ತಿರುವಾಗ ಏಟಿನ ಸದ್ದು ಟೊಳ್ಳಾಗಿ, ಸ್ವಲ್ಪ ಅನುರಣಿಸುವಂತೆ ಇರುತ್ತದೆ. ಮೆಟ್ಟಿಲಿಗೆ ತಾಗಿದ ಕ್ಷಣ ಸದ್ದು ಗಟ್ಟಿಯಾಗಿ, ಮೊಟಕಾಗಿ ಬದಲಾಗುತ್ತದೆ, ಸುತ್ತಿಗೆ ಕೈಗೆ ಪುಟಿಯುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಆದರೂ ಹಬ್ಬಿನ ಒಳಗಡೆಯಿಂದ ಕಪ್ಪಿಗೂ ಮೆಟ್ಟಿಲಿಗೂ ನಡುವೆ 0.05 ಮಿ.ಮೀ. ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ತಗಡು, ತೂರಿಸಿ ನೋಡಿ. ಎಲ್ಲಿಯೂ ತೂರಬಾರದು. ಪೂರ್ತಿ ಕೂರದ ಕಪ್ ಮೊದಲ ನೂರು ಕಿ.ಮೀ. ಓಟದಲ್ಲಿ ಒಳಗೆ ಜರುಗುತ್ತದೆ. ಆಗ ಸರಿಯಾಗಿ ಹೊಂದಿಸಿದ ನಟ್ಟೂ ಸಡಿಲವಾಗುತ್ತದೆ. ನಿಮ್ಮ ಮೆಕ್ಯಾನಿಕ್ಕಿನ ಮಾತಿನಲ್ಲಿ ನಿಜ ಇರುವುದಾದರೆ ಅದು ಹೀಗೆ ಮಾತ್ರ.

ಕಪ್ ಹಬ್ಬಿನೊಳಗೆ ಕೈಯಿಂದಲೇ ಜಾರಿ ಕೂತರೆ ಹಬ್ ಸವೆದಿದೆ. ಸೆಂಟರ್ ಪಂಚಿನಿಂದ ಚುಕ್ಕಿ ಹೊಡೆದು ಬಿಗಿ ಮಾಡುವ ಉಪಾಯ ಈ ಊರಿನಲ್ಲಿ ಬಹಳ ಹಳೆಯದು. ಚುಕ್ಕಿಗಳ ತುದಿಗಳ ಮೇಲೆ ನಿಂತ ಕಪ್ ಕೆಲವು ದಿನ ಇದ್ದು ಮತ್ತೆ ಸುತ್ತುತ್ತದೆ. ತೀರಾ ಅಲ್ಪ ಸವೆತವಾದರೆ ಬೇರಿಂಗ್ ಹಿಡಿದಿಡುವ ಅಂಟು ನಡೆದೀತು. ಅದಕ್ಕೂ ಮೀರಿದ್ದರೆ ಬೇರೆ ಹಬ್ ಹುಡುಕಬೇಕು, ಇಲ್ಲವೇ ಅಳತೆಯ ಬೆಲೆ ಗೊತ್ತಿರುವ ಲೇತ್‌ನವರಿಂದ ಒಳಗೆ ಕೊಳವೆಯಂಥ ಸ್ಲೀವ್ ಹಾಕಿಸಬೇಕು. ಕಳಪೆ ಲೇತ್ ಕೆಲಸದಲ್ಲಿ ಎರಡು ಕಪ್ಪುಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ಮತ್ತೆ ಮೊದಲಿನ ಕಥೆಯೇ.

ಗ್ರೀಸು: ಹಬ್ಬಿನ ತುಂಬ ತುಂಬಿದರೆ ನೀರು ಬರುವುದಿಲ್ಲ ಎನ್ನುವುದು ಸುಳ್ಳು. ತುಂಬಿ ತುಳುಕುವ ಗ್ರೀಸು ಕಡೆಯುತ್ತ ಕಡೆಯುತ್ತ ಬಿಸಿಯಾಗುತ್ತದೆ, ಹಿಗ್ಗುತ್ತದೆ, ದಾರಿ ಸಿಕ್ಕ ಕಡೆ ಹೊರಡುತ್ತದೆ. ಸಿಗುವ ದಾರಿ ಸೀಲು, ಅದರಾಚೆಗೆ ಬ್ರೇಕ್. ನಿಮ್ಮ ಡ್ರಮ್ಮಿನಲ್ಲಿ ಆಗಿರುವುದು ಇದೇ ಎಂದು ತೋರುತ್ತದೆ. ಎಡ ಬ್ರೇಕಿಗೆ ಜಿಡ್ಡು ಹತ್ತಿ ಹಿಡಿತ ತಪ್ಪಿದಾಗ ಬಲ ಬ್ರೇಕ್ ಒಂದೇ ಹಿಡಿಯುತ್ತದೆ, ಕಾರು ಬಲಕ್ಕೆ ಎಳೆಯುತ್ತದೆ. ಗ್ರೀಸು ಇರಬೇಕಾದದ್ದು ರೋಲರುಗಳ ನಡುವೆ. ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಮುದ್ದೆ ಇಟ್ಟುಕೊಂಡು ಕೋನಿನ ಅಗಲ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಕಿರಿದಾದ ಅಂಚಿನಿಂದ ಗ್ರೀಸು ಶಾವಿಗೆಯಂತೆ ಹೊರಬರುವವರೆಗೆ ಒತ್ತಿ, ಸುತ್ತಲೂ. ಎರಡು ಕಪ್ಪುಗಳ ನಡುವಿನ ಟೊಳ್ಳಿನಲ್ಲಿ ಮೂರನೆಯ ಒಂದು ಭಾಗದಷ್ಟು ಸಾಕು. ಹೊರಗಿನ ಕ್ಯಾಪಿನೊಳಗೆ ತುಂಬುವುದು ಬೇಡ. ತೂಕದ ಲೆಕ್ಕದಲ್ಲಿ ಬಿಡಿಯಾಗಿ ಮಾರುವ ಹಳದಿ ಗ್ರೀಸು ಬೇಡವೇ ಬೇಡ. ಲಿಥಿಯಂ ಕಾಂಪ್ಲೆಕ್ಸ್, ಎನ್‌ಎಲ್‌ಜಿಐ 2 ಎಂದು ಡಬ್ಬಿಯ ಮೇಲೆ ಬರೆದಿರುವ ಚಕ್ರದ ಬೇರಿಂಗಿನ ಗ್ರೀಸು ಕೊಳ್ಳಿ. ಹಳೆಯದನ್ನು ಪೂರ್ತಿ ತೊಳೆಯದೆ ಹೊಸದನ್ನು ಬೆರೆಸಬೇಡಿ, ಕೆಲವು ಜಾತಿಯ ಗ್ರೀಸುಗಳು ಒಂದಕ್ಕೊಂದು ಸೇರಿದರೆ ನೀರಾಗುತ್ತವೆ.

ನೀರು ಒಳಹೋಗುವ ಬಗೆ ಬೇರೆ. ಬ್ರೇಕಿನಿಂದ ಕಾದ ಹಬ್ ಮಳೆ ಬಂದ ದಿನ ಕೆಳಸೇತುವೆಯ ಮೊಣಕಾಲುದ್ದ ನೀರಿನಲ್ಲಿ ಇಳಿಯುತ್ತದೆ. ಒಳಗಿನ ಗಾಳಿ ಫಕ್ಕನೆ ತಣ್ಣಗಾಗಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮೊದಲ ಸಲ ನಿಮ್ಮ ಬೇರಿಂಗ್ ಕೆಟ್ಟದ್ದು ಮಳೆಗಾಲದಲ್ಲಿ ಎಂದು ಬರೆದಿದ್ದೀರಿ. ಅಂಥ ನೀರಿನಲ್ಲಿ ಒಮ್ಮೆ ಇಳಿದರೆ ಹಬ್ ಬಿಚ್ಚಿ ತೊಳೆದು ಹೊಸ ಗ್ರೀಸು ಹಾಕುವುದೊಂದೇ ದಾರಿ. ಯಾವ ಸೀಲು ಹಾಕಿದ್ದರೂ ಅಷ್ಟೇ.

ಫೆಲ್ಟ್ ಸೀಲನ್ನು ಕಂಡರೆ ಎಲ್ಲರಿಗೂ ಒಂದು ತಾತ್ಸಾರ. ಕಂಬಳಿಯ ತುಂಡಿನ ಹಾಗೆ ಕಾಣುತ್ತದೆ, ನಿಜ. ಸರಿಯಾಗಿ ಹಾಕಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಗಡಿನ ಬಿಲ್ಲೆಗೆ ಅಂಟಿಸಿ, ಅಂಟು ಒಣಗಿದ ಮೇಲೆ ಎಂಜಿನ್ ಆಯಿಲಿನಲ್ಲಿ ನೆನೆಸಿ, ಹಿಂಡಿ, ಬಿಲ್ಲೆಯನ್ನು ಹಬ್ಬಿನ ಹಿಂಬದಿಗೆ ಕೂರಿಸಬೇಕು. ಫೆಲ್ಟಿನ ಮುಖ ಕಾರಿನ ಒಳಭಾಗದ ಕಡೆಗೆ, ಅಂದರೆ ತಿರುಗದ ಭಾಗವನ್ನು ಉಜ್ಜುವ ಹಾಗೆ. ಒಣ ಫೆಲ್ಟ್ ಹಾಕಿದರೆ ಅದು ಕೆಲವೇ ದಿನಗಳಲ್ಲಿ ಸುಟ್ಟು ಗಟ್ಟಿಯಾಗಿ, ಸೀಲೆಂಬುದು ಹೆಸರಿಗಷ್ಟೇ ಉಳಿಯುತ್ತದೆ.

ಈ ಫೆಲ್ಟಿನಲ್ಲಿ ಒಂದು ಮೋಸವಿದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹೊಸ ಫೆಲ್ಟ್ ದಪ್ಪವಾಗಿ, ಸ್ಪ್ರಿಂಗಿನ ಹಾಗೆ ಹಬ್ಬನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಹಬ್ ತಿರುಗಿಸಿದರೆ ಬಿಗಿ ಎನಿಸುತ್ತದೆ, ಅಲುಗಾಡಿಸಿದರೆ ಆಟವೇ ಕಾಣುವುದಿಲ್ಲ. ಬೇರಿಂಗ್ ನಿಜವಾಗಿ ಬಿಗಿಯೋ ಸಡಿಲವೋ ಎಂಬುದು ಕೈಗೆ ತಿಳಿಯುವುದೇ ಇಲ್ಲ. ಆದ್ದರಿಂದ ನಾನು ಮೊದಲು ಫೆಲ್ಟ್ ಇಲ್ಲದೆ ಹಬ್ ಜೋಡಿಸುತ್ತೇನೆ. ಹಬ್ಬನ್ನು ಎರಡೂ ದಿಕ್ಕಿಗೆ ತಿರುಗಿಸುತ್ತ ನಟ್ಟನ್ನು 5 ಪೌಂಡ್-ಅಡಿಗೆ ಬಿಗಿದು ರೋಲರುಗಳು ತಮ್ಮ ಜಾಗದಲ್ಲಿ ಕೂರುವಂತೆ ಮಾಡಿ, ಹೆಚ್ಚೆಂದರೆ ಒಂದು ಪಟ್ಟಿಯಷ್ಟು, ಅಂದರೆ ನಟ್ಟಿನ ಆರು ಮುಖಗಳಲ್ಲಿ ಒಂದರಷ್ಟು, ಹಿಂದಕ್ಕೆ ಬಿಡುತ್ತೇನೆ. ಡಯಲ್ ಗೇಜ್ ಇಟ್ಟು ಅಂತರ ಅಳೆದು, ನಟ್ಟಿನ ಮೇಲೂ ಆಕ್ಸಲ್ ತುದಿಯ ಮೇಲೂ ಬಣ್ಣದ ಗುರುತು ಹಾಕುತ್ತೇನೆ. ಆಮೇಲೆ ಬಿಚ್ಚಿ, ಫೆಲ್ಟ್ ಹಾಕಿ, ಮತ್ತೆ ಅದೇ ಗುರುತಿಗೆ ತರುತ್ತೇನೆ. ಕೈ ಏನು ಹೇಳಿದರೂ ಆಗ ಕೇಳುವುದಿಲ್ಲ.

ಗುರುತಿಗೆ ಬಂದಾಗ ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಯಾಗಿ ಎದುರಾಗದಿರಬಹುದು. ಆಗ ಎಲ್ಲರೂ ಬಿಗಿಯುವ ಕಡೆಗೇ ತಿರುಗಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಇಂಚಿಗೆ 20 ಸುತ್ತಿನ ಥ್ರೆಡ್ಡಿನಲ್ಲಿ ನಟ್ಟಿನ ಒಂದು ಸುತ್ತು 1.27 ಮಿ.ಮೀ. ಆರು ಪಟ್ಟಿಗಳಲ್ಲಿ ಒಂದು ಪಟ್ಟಿ ಎಂದರೆ 0.21 ಮಿ.ಮೀ. ನಮಗೆ ಬೇಕಾದ ಇಡೀ ಅಂತರಕ್ಕಿಂತ ಅದು ಹೆಚ್ಚು. ಅರ್ಧ ಪಟ್ಟಿ ಬಿಗಿದರೂ ಬೇರಿಂಗಿನ ಆಯಸ್ಸು ಹೋಯಿತು. ಸಡಿಲದ ಕಡೆಗೆ ತಿರುಗಿಸಿ ಅಳೆಯಿರಿ. ತೀರಾ ಹೆಚ್ಚಾಯಿತೆಂದರೆ ವಾಷರನ್ನು ಗಾಜಿನ ಮೇಲೆ ಹಾಸಿದ ಎಮರಿ ಕಾಗದಕ್ಕೆ ಉಜ್ಜಿ ಒಂದಿಷ್ಟು ತೆಳ್ಳಗೆ ಮಾಡಿ. ಆಗ ಅದೇ ಅಂತರ ಬರುವಾಗ ನಟ್ ಬೇರೆ ಕೋನದಲ್ಲಿ ನಿಲ್ಲುತ್ತದೆ, ತೂತು ಎದುರಾಗುತ್ತದೆ. ಹತ್ತು ನಿಮಿಷದ ಕೆಲಸ. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಒಮ್ಮೆ ಮಡಿಸಿ ಬಿಡಿಸಿದ ಪಿನ್ನನ್ನು ಮತ್ತೆ ಹಾಕುವವರ ಉಳಿತಾಯ ನನಗೆ ಅರ್ಥವಾಗಿಲ್ಲ.

ರಬ್ಬರ್ ಸೀಲಿನ ಆಯ್ಕೆ ತಪ್ಪಲ್ಲ, ಆದರೆ ಸುಲಭವಲ್ಲ. ರಬ್ಬರಿನ ತುಟಿ ನಯವಾದ, ದುಂಡನೆಯ ಮೇಲ್ಮೈಯ ಮೇಲೆ ಓಡಬೇಕು. ಹೆರಾಲ್ಡಿನಲ್ಲಿ ಫೆಲ್ಟ್ ಉಜ್ಜುವುದು ಒರಟು ಚಪ್ಪಟೆ ಮುಖವನ್ನು. ಅಲ್ಲಿಗೆ ಸೀಲನ್ನು ಹಾಗೆಯೇ ತುರುಕಿದರೆ ತುಟಿ ವಾರದಲ್ಲಿ ಹರಿಯುತ್ತದೆ. ಆಕ್ಸಲಿನ ಬುಡಕ್ಕೆ ಉಜ್ಜಿ ನಯಗೊಳಿಸಿದ ಉಂಗುರ ಮಾಡಿಸಿ ಕೂರಿಸಬಲ್ಲ ಲೇತ್‌ನವರಿದ್ದರೆ ಮಾತ್ರ ಮುಂದುವರಿಯಿರಿ. ಸ್ಪ್ರಿಂಗ್ ಇರುವ ತುಟಿ ಗ್ರೀಸಿನ ಕಡೆಗೆ ಇರಲಿ, ಹಾಕುವ ಮೊದಲು ತುಟಿಗೆ ಗ್ರೀಸು ಸವರಿ. ನಿಮ್ಮ ಕಾರಿಗೆ ನಾನಾದರೆ ಫೆಲ್ಟೇ ಹಾಕುತ್ತೇನೆ. ಸೀಲ್ಡ್ ಬೇರಿಂಗ್ ವಿಚಾರ ಕೈಬಿಡಿ. ಅದಕ್ಕಾಗಿ ಹಬ್ಬನ್ನೂ ಆಕ್ಸಲನ್ನೂ ಕೊರೆದು ಬದಲಿಸಬೇಕು. ಅರ್ಧ ಶತಮಾನ ಸರಿಯಾಗಿ ನಡೆದ ವ್ಯವಸ್ಥೆಯನ್ನು ಒಂದು ನಟ್ಟಿನ ತಪ್ಪಿಗಾಗಿ ಕಡಿದುಹಾಕಿದಂತಾಗುತ್ತದೆ.

ಜಿಡ್ಡು ಹತ್ತಿದ ಬ್ರೇಕ್ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ತೋರಿಸಿ ಮತ್ತೆ ಹಾಕಬೇಡಿ. ಕಾದಾಗ ಒಳಗಿಂದ ಜಿಡ್ಡು ಮತ್ತೆ ಒಸರುತ್ತದೆ. ಎರಡೂ ಮುಂದಿನ ಚಕ್ರಗಳಿಗೆ ಹೊಸದು ಹಾಕಿಸಿ. ಅದಕ್ಕೆ ಮುಂಚೆ ಜಿಡ್ಡು ಗ್ರೀಸಿನದೇ ಹೌದೇ, ವೀಲ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲೇ ಎಂದು ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ. ತೆಳ್ಳಗೆ ನೀರಿನಂತೆ ಇದ್ದು ಬಣ್ಣವನ್ನು ಎಬ್ಬಿಸುವಂಥದ್ದಾದರೆ ಅದು ಬ್ರೇಕ್ ಆಯಿಲ್.

ಹಬ್ ಹೊರಗಿರುವಾಗಲೇ ಸ್ಟಬ್ ಆಕ್ಸಲನ್ನು ಪರೀಕ್ಷಿಸಿಬಿಡಿ. ಕೋನ್ ಕೂರುವ ಜಾಗ ನೀಲಿಯಾಗಿದ್ದರೆ ಅಥವಾ ಹೊಸ ಕೋನ್ ಅಲ್ಲಿ ಲೊಟಲೊಟ ಎಂದರೆ ಆಕ್ಸಲ್ ಬದಲಿಸಬೇಕು. ಬುಡದಲ್ಲಿ ಕೂದಲಿನಂಥ ಬಿರುಕಿದೆಯೇ ಎಂದು ತಿಳಿಯಲು ಕೆಂಪು ಬಣ್ಣ ಬಳಿದು ಒರೆಸಿ ಬಿಳಿ ಪುಡಿ ಸಿಂಪಡಿಸುವ ಪರೀಕ್ಷೆಯಿದೆ. ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೂರು ಡಬ್ಬಿಗಳ ಜೋಡಿಯಾಗಿ ಸಿಗುತ್ತದೆ. ಇಷ್ಟು ವಯಸ್ಸಾದ ಆಕ್ಸಲಿಗೆ ಈ ಖರ್ಚು ದಂಡವಲ್ಲ.

ಮಡಿಕೇರಿಗೆ ಹೋಗಬಹುದು, ಖಂಡಿತ. ಆದರೆ ಕೆಲಸ ಮುಗಿಸಿದ ಮಾರನೆಯ ದಿನವಲ್ಲ. ಮೊದಲು 15-20 ಕಿ.ಮೀ. ಹೋಗಿ ನಿಲ್ಲಿಸಿ ಹಬ್ಬಿನ ನಡುವೆ ಅಂಗೈ ಇಡಿ. ಐದು ಎಣಿಸುವವರೆಗೆ ಇಟ್ಟುಕೊಳ್ಳಬಹುದಾದರೆ ಸರಿ. ಬ್ರೇಕಿನ ಬಿಸಿ ಎರಡೂ ಕಡೆ ಇರುತ್ತದೆ, ಆದ್ದರಿಂದ ಬಲ ಚಕ್ರವನ್ನೂ ಮುಟ್ಟಿ ಹೋಲಿಸಿ. ನಂದಿಬೆಟ್ಟಕ್ಕೊಮ್ಮೆ ಹೋಗಿಬನ್ನಿ, ಅಲ್ಲಿಗೆ ನೂರು ಕಿ.ಮೀ. ದಾಟುತ್ತದೆ, ಇಳಿಜಾರಿನ ಬ್ರೇಕೂ ಪರೀಕ್ಷೆಯಾಗುತ್ತದೆ. ಬಂದ ಮೇಲೆ ಕಾರು ತಣ್ಣಗಾದಾಗ ಅಂತರವನ್ನು ಮತ್ತೆ ಅಳೆಯಿರಿ. ಫೆಲ್ಟ್ ಅಷ್ಟು ಹೊತ್ತಿಗೆ ಅದುಮಿ ಕೂತಿರುತ್ತದೆ, ಈಗ ಕೈಗೆ ತಿಳಿಯುವ ಆಟ ನಿಜವಾದ ಆಟ.

ಹೊರಡುವ ಮುನ್ನ ಟ್ರನಿಯನ್. ಹೆರಾಲ್ಡಿನ ಮುಂದಿನ ಚಕ್ರವನ್ನು ಕೆಳಗಡೆ ಹಿಡಿದಿರುವ ಈ ಕಂಚಿನ ತುಂಡಿಗೆ ಹಾಕಬೇಕಾದದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ನಿಪ್ಪಲ್ಲಿನ ಹಾಗೆ ಕಾಣುವ ತೂತಿರುವುದರಿಂದ ತಲೆಮಾರುಗಳಿಂದ ಎಲ್ಲರೂ ಅದಕ್ಕೆ ಗ್ರೀಸು ಹೊಡೆಯುತ್ತ ಬಂದಿದ್ದಾರೆ. ಗ್ರೀಸು ಕೆಳಗಿನ ಥ್ರೆಡ್ಡುಗಳವರೆಗೆ ಇಳಿಯದೆ ಅಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ಒಂದು ದಿನ ಸ್ಟೀರಿಂಗ್ ತಿರುಗಿಸುವಾಗ ಉಕ್ಕಿನ ಕಡ್ಡಿ ತುಂಡಾಗಿ ಚಕ್ರ ಕಾರಿನ ಕೆಳಗೆ ಮಡಚಿಕೊಳ್ಳುತ್ತದೆ. ಬೇರಿಂಗ್ ಕೆಟ್ಟರೆ ಮೊದಲೇ ಕೂಗಿ ಹೇಳುತ್ತದೆ, ಇದು ಹೇಳುವುದಿಲ್ಲ. ನಿಮ್ಮ ಕಾರಿನಲ್ಲಿ ಕೊನೆಯ ಸಲ ಅಲ್ಲಿಗೆ ಏನು ಹಾಕಿದರೆಂದು ಮೆಕ್ಯಾನಿಕ್ಕನ್ನು ಕೇಳಿ. ಗ್ರೀಸು ಎಂದರೆ ಅದನ್ನು ಬಿಚ್ಚಿಸಿ ನೋಡದೆ ಮಡಿಕೇರಿಯ ಘಟ್ಟ ಹತ್ತಬೇಡಿ.